ಕೂಸಿನ ಗಂಟಲ ಶಸ್ತ್ರಕ್ರಿಯೆ: ತಾಯಂದಿರಿಗೆ ಕೆಲವು ಮಾತು

ಮಕ್ಕಳಿರುವ ಮನೆಗೆ ಗಂಟಲು ನೋವು ಹೊಸದಲ್ಲ. ಪುಷ್ಯ ಮಾಸದ ಚಳಿಯಲ್ಲಿ, ಬನಶಂಕರಿಯ ತೇರು ಎಳೆಯುವ ಹೊತ್ತಿಗೆ, ಬಾದಾಮಿ, ಹುನಗುಂದ, ಇಳಕಲ್ಲು ಕಡೆಯ ಯಾವ ಊರಿಗೆ ಹೋದರೂ ಮೂಗು ಸೋರುವ, ಬಾಯಿ ತೆರೆದು ಉಸಿರಾಡುವ, ರಾತ್ರಿ ಗೊರಕೆ ಹೊಡೆಯುವ ಎರಡು ಮೂರು ವರ್ಷದ ಕೂಸುಗಳು ಕಣ್ಣಿಗೆ ಬೀಳುತ್ತವೆ. ಅವುಗಳಲ್ಲಿ ಬಹುಪಾಲು ಒಂದು ವಾರದೊಳಗೆ ತಾವಾಗಿಯೇ ಗುಣವಾಗುತ್ತವೆ. ಕೆಲವು ಮಾತ್ರ ಮತ್ತೆ ಮತ್ತೆ ಬೀಳುತ್ತವೆ. ಕೊನೆಗೆ ಒಂದು ದಿನ ವೈದ್ಯರು, “ಟಾನ್ಸಿಲ್ಲು, ಅಡೆನಾಯಿಡ್ಡು ಎರಡನ್ನೂ ತೆಗೆಸುವುದು ಒಳ್ಳೆಯದು” ಎನ್ನುತ್ತಾರೆ. ಆ ಮಾತು ಕೇಳಿದ ತಾಯಿಗೆ ಎದೆ ಧಸಕ್ಕೆನ್ನುವುದು ಸಹಜ. ಇನ್ನೂ ಮಾತು ನೆಟ್ಟಗೆ ಬಾರದ ಮಗುವಿಗೆ ಕತ್ತರಿ ಕೆಲಸವೆ? ಎಚ್ಚರ ತಪ್ಪಿಸಿದರೆ ಮತ್ತೆ ಎದ್ದೀತೆ? ಎದ್ದ ಮೇಲೆ ಏನು ತಿಂದೀತು? ಈ ಪ್ರಶ್ನೆಗಳಿಗೆ ಸಮಾಧಾನವಾಗಿ ಉತ್ತರ ಹೇಳುವುದೇ ಈ ಲೇಖನದ ಉದ್ದೇಶ.

ಮೊದಲು ಈ ಅಂಗಗಳ ಪರಿಚಯ ಮಾಡಿಕೊಳ್ಳೋಣ. ಮಗು ಬಾಯಿ ಅಗಲಿಸಿದಾಗ ಕಿರುನಾಲಿಗೆಯ ಎಡಬಲಕ್ಕೆ ಎರಡು ಗುಂಡನೆಯ ಗಡ್ಡೆಗಳು ಕಾಣುತ್ತವೆಯಷ್ಟೆ, ಅವೇ ಟಾನ್ಸಿಲುಗಳು. ಮೂಗಿನ ಹಿಂದೆ, ಗಂಟಲಿನ ಮೇಲ್ಭಾಗದಲ್ಲಿ, ಬಾಯಿ ತೆರೆದರೂ ಕಾಣದ ಹಾಗೆ ಅಡಗಿರುವ ಅದೇ ಜಾತಿಯ ಮಾಂಸಲ ಭಾಗಕ್ಕೆ ಅಡೆನಾಯಿಡ್ ಎಂದು ಹೆಸರು. ಕೋಪನ್‌ಹೇಗನ್ ನಗರದ ವೈದ್ಯ ವಿಲ್‌ಹೆಲ್ಮ್ ಮೇಯರ್ 1868ರಲ್ಲಿ ಇದನ್ನು ವಿವರಿಸಿ, ಇದು ಬೆಳೆದಾಗ ಮಕ್ಕಳ ಮೂಗು ಕಟ್ಟಿ ಕಿವಿ ಮಂದವಾಗುವುದೆಂದು ತೋರಿಸಿದನು. ಈ ಎಲ್ಲ ಗಡ್ಡೆಗಳೂ ಸೇರಿ ಗಂಟಲಿನ ಸುತ್ತ ಒಂದು ಬಳೆಯಂತೆ ಇವೆಯೆಂದು ಜರ್ಮನಿಯ ವಾಲ್ಡೆಯರ್ 1884ರಲ್ಲಿ ಹೇಳಿದನು. ನಮ್ಮ ಸುಶ್ರುತ ಸಂಹಿತೆಯಲ್ಲಿಯೂ ‘ತುಂಡಿಕೇರಿ’ ಎಂಬ ಹೆಸರಿನ ಗಂಟಲ ಬಾವಿನ ವರ್ಣನೆ ಉಂಟು. ಅಂದಮೇಲೆ ಮಕ್ಕಳ ಈ ಜಡ್ಡು ಇಂದಿನದಲ್ಲ.

ಊರ ಬಾಗಿಲಲ್ಲಿ ಕಾವಲುಗಾರರಿರುವಂತೆ, ಬಾಯಿ ಮೂಗುಗಳಿಂದ ಒಳಬರುವ ರೋಗಾಣುಗಳನ್ನು ಗುರುತಿಸಿ, ಅವುಗಳನ್ನು ಎದುರಿಸುವ ಪಾಠವನ್ನು ದೇಹಕ್ಕೆ ಕಲಿಸುವುದು ಈ ಬಳೆಯ ಕೆಲಸ. ಎಳೆಯ ವಯಸ್ಸಿನಲ್ಲಿ ಪಾಠ ಹೆಚ್ಚು. ಆದುದರಿಂದ ಗಡ್ಡೆಗಳೂ ದೊಡ್ಡವು. ಅಡೆನಾಯಿಡ್ ಸುಮಾರು ಮೂರರಿಂದ ಏಳು ವರ್ಷದ ತನಕ ದೊಡ್ಡದಾಗಿದ್ದು, ಹರೆಯ ಬರುವ ಹೊತ್ತಿಗೆ ಕುಗ್ಗಿಬಿಡುತ್ತದೆ. ಹೀಗಾಗಿ ಟಾನ್ಸಿಲ್ ದೊಡ್ಡದಾಗಿ ಕಂಡಿತೆಂಬ ಒಂದೇ ಕಾರಣಕ್ಕೆ ಅದು ರೋಗವೆಂದು ತಿಳಿಯತಕ್ಕದ್ದಲ್ಲ.

ತಣ್ಣನೆಯ ಮೊಸರು ತಿಂದದ್ದರಿಂದ, ಹುಳಿ ಮುಟ್ಟಿದ್ದರಿಂದ ಟಾನ್ಸಿಲ್ ಆಯಿತೆಂದು ಮನೆಯಲ್ಲಿ ಮಾತು ಬರುವುದುಂಟು. ನಿಜ ಬೇರೆ. ಮಕ್ಕಳ ಗಂಟಲು ನೋವಿನ ಬಹುಪಾಲಿಗೆ ಕಾರಣ ಒಬ್ಬರಿಂದೊಬ್ಬರಿಗೆ ಹರಡುವ ವೈರಸ್ಸುಗಳು; ಅವಕ್ಕೆ ಆ್ಯಂಟಿಬಯಾಟಿಕ್ ಗುಳಿಗೆಗಳಿಂದ ಪ್ರಯೋಜನವಿಲ್ಲ. ಕೆಲವು ಸಲ ಮಾತ್ರ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಕಾರಣವಾಗಿರುತ್ತದೆ. ಇದನ್ನು ಅಲಕ್ಷಿಸಿದರೆ ಮುಂದೆ ಕೀಲುಗಳಿಗೂ ಹೃದಯದ ಕವಾಟಗಳಿಗೂ ತೊಂದರೆ ಬರಬಹುದು. ಆದುದರಿಂದ ಅಂಥ ಸಂದರ್ಭದಲ್ಲಿ ವೈದ್ಯರು ಹತ್ತು ದಿನದ ಔಷಧಿ ಬರೆದುಕೊಟ್ಟರೆ, ಮೂರನೆಯ ದಿನಕ್ಕೆ ಜ್ವರ ಬಿಟ್ಟಿತೆಂದು ನಿಲ್ಲಿಸಬಾರದು. ಇನ್ನು ಕಿರುನಾಲಿಗೆ ಬಿದ್ದಿದೆಯೆಂದು ಬೆರಳಿನಿಂದ ಒತ್ತಿಸುವುದು, ಕತ್ತಿಗೆ ಬರೆ ಹಾಕಿಸುವುದು, ಇವು ಮಗುವಿಗೆ ಕೊಡುವ ಎರಡನೆಯ ಜಡ್ಡು. ಹಿರಿಯರ ಪ್ರೀತಿಯಲ್ಲಿ ಸಂದೇಹವಿಲ್ಲ. ಉಪಾಯ ಮಾತ್ರ ಕೆಟ್ಟದ್ದು.

ಹಾಗಾದರೆ ಶಸ್ತ್ರಕ್ರಿಯೆ ಯಾವಾಗ ಬೇಕು? ಒಂದು ಕಾಲಕ್ಕೆ ಪಾಶ್ಚಾತ್ಯ ದೇಶಗಳಲ್ಲಿ ಟಾನ್ಸಿಲ್ ತೆಗೆಸುವುದೆಂದರೆ ಜವಳ ತೆಗೆಸಿದಷ್ಟೆ ಸಾಮಾನ್ಯವಾಗಿತ್ತು. ನ್ಯೂಯಾರ್ಕ್ ನಗರದ 1,000 ಶಾಲಾ ಮಕ್ಕಳನ್ನು ಕುರಿತು 1934ರಲ್ಲಿ ಪ್ರಕಟವಾದ ವರದಿ ಇಲ್ಲಿ ನೆನೆಯಬೇಕಾದದ್ದು. ಅವರಲ್ಲಿ 611 ಮಕ್ಕಳ ಟಾನ್ಸಿಲುಗಳನ್ನು ಆಗಲೇ ತೆಗೆದಾಗಿತ್ತು. ಉಳಿದ 389 ಮಕ್ಕಳನ್ನು ವೈದ್ಯರಿಗೆ ತೋರಿಸಿದಾಗ 174 ಮಂದಿಗೆ ತೆಗೆಯಬೇಕೆಂದರು. ಬೇಡವೆನಿಸಿಕೊಂಡ 215 ಮಕ್ಕಳನ್ನು ಬೇರೆ ವೈದ್ಯರಿಗೆ ತೋರಿಸಿದರೆ ಅವರು 99 ಮಂದಿಗೆ ತೆಗೆಯಬೇಕೆಂದರು. ಮತ್ತೆ ಉಳಿದ 116 ಮಕ್ಕಳನ್ನು ಮೂರನೆಯವರು ನೋಡಿ 51 ಮಂದಿಗೆ ಬೇಕೆಂದರು! ನೋಡಿದವರೆಲ್ಲ ಸುಮಾರು ಅರ್ಧದಷ್ಟು ಮಕ್ಕಳಿಗೆ ಕತ್ತರಿ ಬೇಕೆಂದ ಮೇಲೆ, ಆ ತೀರ್ಮಾನ ಮಗುವಿನ ಗಂಟಲನ್ನು ನೋಡಿ ಬಂದದ್ದಕ್ಕಿಂತ ಆ ಕಾಲದ ರೂಢಿಯಿಂದ ಬಂದದ್ದೆಂದು ತಿಳಿಯುತ್ತದೆ.

ಇಂದು ಲೆಕ್ಕ ಬಿಗಿಯಾಗಿದೆ. ಅಮೇರಿಕೆಯ ಪಿಟ್ಸ್‌ಬರ್ಗಿನಲ್ಲಿ ಡಾಕ್ಟರ್ ಪ್ಯಾರಡೈಸ್ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದ ಅಭ್ಯಾಸವನ್ನು ಅನುಸರಿಸಿ, ಒಂದು ವರ್ಷದಲ್ಲಿ ಏಳು ಸಲ, ಅಥವಾ ಸತತ ಎರಡು ವರ್ಷ ವರ್ಷಕ್ಕೆ ಐದು ಸಲ, ಅಥವಾ ಸತತ ಮೂರು ವರ್ಷ ವರ್ಷಕ್ಕೆ ಮೂರು ಸಲ ಜೋರಾದ ಗಂಟಲ ಬೇನೆ ಬಂದಿದ್ದರೆ ಮಾತ್ರ ಶಸ್ತ್ರಕ್ರಿಯೆಯ ವಿಚಾರ ಮಾಡುತ್ತಾರೆ. ಜೋರಾದ ಬೇನೆಯೆಂದರೆ ಜ್ವರ, ಕತ್ತಿನ ಗಂಟು, ಟಾನ್ಸಿಲಿನ ಮೇಲೆ ಬಿಳಿ ಪೊರೆ ಮುಂತಾದವುಗಳಿಂದ ಕೂಡಿದ್ದು; ಬರಿಯ ನೆಗಡಿಯಲ್ಲ. ಆದುದರಿಂದ ಪ್ರತಿ ಸಲ ಮಗು ಮಲಗಿದಾಗಲೂ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿರಿ. ‘ಯಾವಾಗಲೂ ಬರುತ್ತಲೇ ಇರುತ್ತದೆ’ ಎಂಬ ಮಾತಿಗಿಂತ ಆ ಹಾಳೆ ವೈದ್ಯರಿಗೆ ಹೆಚ್ಚು ಹೇಳುತ್ತದೆ.

ಎರಡು ಮೂರು ವರ್ಷದ ಕೂಸುಗಳಲ್ಲಿ ಇದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ, ಅದು ನಿದ್ರೆಯಲ್ಲಿ ಉಸಿರು ಕಟ್ಟುವುದು. ಮಗು ಜೋರಾಗಿ ಗೊರಕೆ ಹೊಡೆಯುತ್ತಿದ್ದು, ನಡುವೆ ಐದಾರು ಎಣಿಸುವಷ್ಟು ಹೊತ್ತು ಸದ್ದೇ ಇಲ್ಲದೆ ಎದೆ ಮಾತ್ರ ಎಳೆದುಕೊಳ್ಳುತ್ತ, ಆಮೇಲೆ ಗಕ್ಕನೆ ಉಸಿರೆಳೆದು ಹೊರಳುವುದು. ಕತ್ತನ್ನು ಹಿಂದಕ್ಕೆ ಚಾಚಿ ಮಲಗುವುದು. ನಿದ್ರೆಯಲ್ಲಿ ಮೈಯೆಲ್ಲ ಬೆವರುವುದು. ಹಗಲು ಕಾರಣವಿಲ್ಲದೆ ಹಟ ಮಾಡುವುದು. ತೂಕ ಏರದಿರುವುದು, ಇವು ಅದರ ಗುರುತುಗಳು. ಮನೆಯಲ್ಲಿ ಮೊಬೈಲ್ ಇದ್ದರೆ ಮಲಗಿದ ಮಗುವಿನ ಉಸಿರನ್ನು ಎರಡು ನಿಮಿಷ ಚಿತ್ರಿಸಿಕೊಂಡು ಹೋಗಿ ತೋರಿಸಿರಿ. ಇಂಥಲ್ಲಿಯೂ ಆತುರ ಬೇಡ. ಐದರಿಂದ ಒಂಬತ್ತು ವರ್ಷದ 464 ಮಕ್ಕಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಮೇರಿಕೆಯ ಪರೀಕ್ಷೆಯಲ್ಲಿ, ಶಸ್ತ್ರಕ್ರಿಯೆಯಾದ ಮಕ್ಕಳಲ್ಲಿ ನೂರಕ್ಕೆ 79 ಮಂದಿಯ ನಿದ್ರೆಯ ಉಸಿರು ಏಳು ತಿಂಗಳಲ್ಲಿ ಸರಿಹೋಯಿತು. ಕಾದು ನೋಡಿದ ಮಕ್ಕಳಲ್ಲಿಯೂ ನೂರಕ್ಕೆ 46 ಮಂದಿಗೆ ಸರಿಹೋಯಿತು. ತೊಂದರೆ ಹಗುರವಾಗಿದ್ದರೆ ಕಾಯಬಹುದು, ಜೋರಾಗಿದ್ದರೆ ಕಾಯಬಾರದು ಎಂಬುದು ಇದರ ತಾತ್ಪರ್ಯ.

ಮೂರನೆಯ ಕಾರಣ ಕಿವಿ. ಅಡೆನಾಯಿಡ್ ಬೆಳೆದು ಮೂಗಿನಿಂದ ಕಿವಿಗೆ ಹೋಗುವ ನಳಿಕೆಯ ಬಾಯನ್ನು ಒತ್ತಿದರೆ ಕಿವಿಯ ತಮಟೆಯ ಹಿಂದೆ ಅಂಟಾದ ನೀರು ನಿಲ್ಲುತ್ತದೆ; ಮಗುವಿಗೆ ಕೇಳುವುದು ಮಂದವಾಗುತ್ತದೆ. ಮಾತು ಕಲಿಯುವ ವಯಸ್ಸಿನಲ್ಲಿ ಇದು ಸಣ್ಣ ನಷ್ಟವಲ್ಲ. ಕೂಗಿದರೆ ತಿರುಗದ ಮಗುವನ್ನು ಮೊಂಡನೆಂದು ಬಯ್ಯುವ ಮೊದಲು ಕಿವಿ ಪರೀಕ್ಷೆ ಮಾಡಿಸಬೇಕು. 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥ ಪರೀಕ್ಷೆಗೆ ಹೆಸರಾದದ್ದು. ಆದರೆ ಕಿವಿ ಮೂಗು ಗಂಟಲು ವಿಭಾಗವಿರುವ ದೊಡ್ಡ ಆಸ್ಪತ್ರೆಗಳಲ್ಲಿಯೂ ಈ ಅನುಕೂಲವುಂಟು.

ಟಾನ್ಸಿಲ್ ತೆಗೆದರೆ ದೇಹದ ಶಕ್ತಿ ಕುಂದುವುದಿಲ್ಲವೆ ಎಂದು ಕೇಳುವವರಿದ್ದಾರೆ. ಗಂಟಲಿನ ಬಳೆಯ ಉಳಿದ ಭಾಗವೂ ಕತ್ತು ಮತ್ತು ಕರುಳಿನ ಇಂಥವೇ ಇತರ ಗ್ರಂಥಿಗಳೂ ಆ ಕೆಲಸವನ್ನು ನಡೆಸಿಕೊಂಡು ಹೋಗುತ್ತವೆ. ಆದರೂ ಡೆನ್ಮಾರ್ಕಿನಲ್ಲಿ ಸುಮಾರು 12 ಲಕ್ಷ ಮಕ್ಕಳ ದಾಖಲೆಗಳನ್ನು ನೋಡಿ 2018ರಲ್ಲಿ ಪ್ರಕಟಿಸಿದ ಅಭ್ಯಾಸವೊಂದು, ಎಳವೆಯಲ್ಲಿ ಇವುಗಳನ್ನು ತೆಗೆಸಿಕೊಂಡವರಲ್ಲಿ ಮುಂದೆ ಉಸಿರಾಟದ ಕಾಯಿಲೆಗಳು ಹೆಚ್ಚಾಗಿ ಕಂಡವೆಂದು ಹೇಳಿದೆ. ಕಾರಣವಿಲ್ಲದೆ ತೆಗೆಸಬಾರದು, ಕಾರಣವಿದ್ದಾಗ ಹೆದರಬಾರದು. ಇಷ್ಟನ್ನು ನೆನಪಿಟ್ಟರೆ ಸಾಕು.

ಶಸ್ತ್ರಕ್ರಿಯೆ ನಿಶ್ಚಯವಾಯಿತೆನ್ನೋಣ. ಬನಶಂಕರಿ, ಬಾದಾಮಿ ಕಡೆಯವರು ಸಾಮಾನ್ಯವಾಗಿ ಬಾಗಲಕೋಟೆಗೋ, 1957ರಲ್ಲಿ ಸ್ಥಾಪನೆಯಾದ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಹೋಗುತ್ತಾರೆ. ಇಷ್ಟು ಎಳೆಯ ಮಕ್ಕಳಿಗೆ, ಮಕ್ಕಳಿಗೆ ಅರಿವಳಿಕೆ ಕೊಟ್ಟು ಪಳಗಿದ ವೈದ್ಯರು ಇರುವ ಆಸ್ಪತ್ರೆಯನ್ನೇ ಆರಿಸಬೇಕು. ಮೂರು ವರ್ಷ ತುಂಬದ ಮಗುವನ್ನು ಅಂದೇ ಮನೆಗೆ ಕಳಿಸದೆ ಒಂದು ರಾತ್ರಿಯಾದರೂ ಆಸ್ಪತ್ರೆಯಲ್ಲಿಯೇ ಇಟ್ಟುಕೊಳ್ಳುವುದು ಕ್ಷೇಮ. ಖರ್ಚಿನ ಚಿಂತೆಯಿದ್ದವರು 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಏನು ಸಿಗುವುದೆಂದು, ಪಡಿತರ ಚೀಟಿ ಆಧಾರ್‌ಗಳನ್ನು ಹಿಡಿದು, ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕೇಳಿ ತಿಳಿಯುವುದು ಒಳ್ಳೆಯದು.

ದಿನ ಗೊತ್ತುಮಾಡುವಾಗ ಪಂಚಾಂಗದ ಜೊತೆಗೆ ಮನೆಯ ಕೆಲಸವನ್ನೂ ನೋಡಬೇಕು. ಶಸ್ತ್ರಕ್ರಿಯೆಯಾದ ಮೇಲೆ ಎರಡು ವಾರ ಒಬ್ಬರು ಮಗುವಿನ ಬಳಿ ಇರಲೇಬೇಕು. ಸುಗ್ಗಿಯ ಕಾಲದಲ್ಲಿ, ಬನದ ಹುಣ್ಣಿಮೆಯ ಜಾತ್ರೆಯ ಕಾಲದಲ್ಲಿ ಇದು ಕಷ್ಟ. ಜಾತ್ರೆಯೆಂದರೆ ಮನೆ ತುಂಬ ನೆಂಟರು, ಬೀದಿ ತುಂಬ ಧೂಳು, ರಾತ್ರಿಯೆಲ್ಲ ನಾಟಕ; ಮಾಗುತ್ತಿರುವ ಗಂಟಲಿಗೆ ಇವೊಂದೂ ಹಿತವಲ್ಲ. ಶಾಕಂಭರಿಗೆ ಹರಕೆ ಹೊತ್ತಿದ್ದರೆ ಮಗು ಗುಣವಾದ ಮೇಲೆ ತೀರಿಸಿದರಾಯಿತು; ತಾಯಿ ಎರಡು ವಾರ ಕಾಯಲಾರದವಳಲ್ಲ.

ವೈದ್ಯರಿಗೆ ಮುಚ್ಚಿಡದೆ ಹೇಳಬೇಕಾದ ಸಂಗತಿಗಳು ಕೆಲವಿವೆ. ಹಿಂದಿನ ಎರಡು ವಾರಗಳಲ್ಲಿ ಜ್ವರ, ಕೆಮ್ಮು, ನೆಗಡಿ ಬಂದಿತ್ತೆ? ಯಾವುದಾದರೂ ಔಷಧಿ ಒಗ್ಗುವುದಿಲ್ಲವೆ? ಹಲ್ಲು ಅಲುಗಾಡುತ್ತಿದೆಯೆ? ಎಲ್ಲಕ್ಕಿಂತ ಮುಖ್ಯವಾಗಿ, ಸಣ್ಣ ಗಾಯವಾದರೂ ರಕ್ತ ಬೇಗ ನಿಲ್ಲದ ಗುಣ ಮಗುವಿಗಾಗಲಿ, ಮನೆತನದಲ್ಲಿ ಬೇರೆ ಯಾರಿಗಾಗಲಿ ಉಂಟೆ? ತಾಯಿಯ ತವರಿನ ಕಡೆ, ಸೋದರಮಾವಂದಿರಲ್ಲಿ, ಇದನ್ನು ವಿಶೇಷವಾಗಿ ವಿಚಾರಿಸಬೇಕು. ದಿನ ಗೊತ್ತಾದ ಮೇಲೆ ಮಗುವಿಗೆ ಜ್ವರ ಬಂದರೆ ತಿಳಿಸಿ ಮುಂದಕ್ಕೆ ಹಾಕಿಸಿರಿ. ಬಸ್ಸಿನ ಖರ್ಚು ದಂಡವಾಯಿತೆಂದು ಮುಚ್ಚಿಟ್ಟು ಹೋಗುವುದು ಅಪಾಯ.

ಇನ್ನು ಮಗುವಿನ ಮನಸ್ಸಿನ ಸಿದ್ಧತೆ. “ಜಾತ್ರೆಗೆ ಹೋಗೋಣ” ಎಂದು ಸುಳ್ಳು ಹೇಳಿ ಆಸ್ಪತ್ರೆಗೆ ಕರೆದೊಯ್ಯುವವರಿದ್ದಾರೆ. ಮಗು ಆ ಮೋಸವನ್ನು ಮರೆಯುವುದಿಲ್ಲ. ಮುಂದೆ ಜಾತ್ರೆಯೆಂದರೂ ಅಳುತ್ತದೆ. ಹಾಗೆಂದು ವಾರ ಮೊದಲೇ ಹೇಳಿ ಕಾಯಿಸುವುದೂ ಬೇಡ. ಈ ವಯಸ್ಸಿನವರಿಗೆ ಒಂದೆರಡು ದಿನ ಮುಂಚೆ, ಅವರ ಮಾತಿನಲ್ಲಿಯೇ ಹೇಳಿದರೆ ಸಾಕು: “ನೀ ಮಲ್ಕೊಂಡಾಗ ಡಾಕ್ಟರ್ರು ನಿನ್ನ ಗಂಟಲಾ ಛಲೋ ಮಾಡ್ತಾರ. ಎದ್ದ ಮ್ಯಾಲ ಸ್ವಲ್ಪ ನೋಯ್ತೈತಿ, ಆಮ್ಯಾಲ ಕಡಿಮಿ ಆಗತೈತಿ. ನಾ ಇಲ್ಲೇ ಇರ್ತೀನಿ.” ಕತ್ತರಿ, ಚಾಕು, ರಕ್ತ ಎಂಬ ಮಾತುಗಳನ್ನು ಎತ್ತಬಾರದು. “ಹಟ ಮಾಡಿದರೆ ಸೂಜಿ ಚುಚ್ಚಿಸುತ್ತೇನೆ” ಎಂದು ಹೆದರಿಸುವ ರೂಢಿಯನ್ನಂತೂ ಅಂದೇ ಬಿಡಬೇಕು. ಬಟ್ಟೆಯ ಗೊಂಬೆಯನ್ನು ಮಲಗಿಸಿ, ಅದರ ಬಾಯಿ ನೋಡಿ, ಮೂಗಿಗೆ ಬಟ್ಟಲು ಹಿಡಿದು, “ಗೊಂಬಿ ಮಲಕ್ಕೊಂತು” ಎಂದು ಆಟವಾಡಿಸಿದರೆ, ನಾಳೆ ನಿಜವಾದ ಬಟ್ಟಲು ಮೂಗಿಗೆ ಬಂದಾಗ ಅದು ಅಷ್ಟು ಅಪರಿಚಿತವಾಗಿರುವುದಿಲ್ಲ. ಮನೆಯಲ್ಲಿ ಹೊದೆಯುವ ಕೌದಿಯನ್ನು ತೊಳೆದು ಜೊತೆಗೆ ಒಯ್ಯಿರಿ. ಅಜ್ಜಿಯ ಹಳೆಯ ಇಳಕಲ್ಲು ಸೀರೆಯ ತುಂಡುಗಳನ್ನು ಸೇರಿಸಿ ಹೊಲಿದ ಆ ಕೌದಿಯಲ್ಲಿ ಮನೆಯ ವಾಸನೆಯಿರುತ್ತದೆ. ಹೊಸ ಜಾಗದಲ್ಲಿ ಮಗುವಿಗೆ ಅದೇ ದೊಡ್ಡ ಧೈರ್ಯ.

ತಾಯಿ ಬಳಿಯಲ್ಲಿರುವುದು ಎಷ್ಟು ಮುಖ್ಯವೆಂಬುದನ್ನು ಮುಂದುವರಿದ ದೇಶಗಳು ತಡವಾಗಿ ಕಲಿತವು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಮಕ್ಕಳನ್ನು ಒಳಗೆ ಸೇರಿಸಿಕೊಂಡ ಮೇಲೆ ತಾಯಿತಂದೆಯರನ್ನು ಹೆಚ್ಚು ಹೊತ್ತು ಬಿಡುತ್ತಿರಲಿಲ್ಲ. ಜೇಮ್ಸ್ ರಾಬರ್ಟ್‌ಸನ್ ಎಂಬಾತ 1952ರಲ್ಲಿ, ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡು ವರ್ಷದ ಹೆಣ್ಣುಮಗುವೊಂದರ ಚಲನಚಿತ್ರವನ್ನು ತೆಗೆದು ತೋರಿಸಿದನು. ಮಗು ಅಳದೆ ಸುಮ್ಮನಾದದ್ದು ಹೊಂದಿಕೊಂಡದ್ದಲ್ಲ, ಆಸೆ ಬಿಟ್ಟದ್ದು ಎಂಬುದು ನೋಡಿದವರಿಗೆ ಮನದಟ್ಟಾಯಿತು. ಸರ್ ಹ್ಯಾರಿ ಪ್ಲಾಟ್ ಅವರ ಸಮಿತಿ 1959ರಲ್ಲಿ, ತಾಯಂದಿರನ್ನು ಮಕ್ಕಳ ಬಳಿ ಬಿಡಬೇಕೆಂದು ಶಿಫಾರಸು ಮಾಡಿತು. ನಮ್ಮಲ್ಲಿ ಮಂಚದ ಪಕ್ಕದಲ್ಲಿ ಚಾಪೆ ಹಾಸಿ ಮಲಗುವ ಅವ್ವನಿಗೆ ಈ ಪಾಠ ಯಾರೂ ಹೇಳಬೇಕಾಗಿಲ್ಲ. ಆದರೆ ಅವಳ ಜೊತೆ ಹತ್ತು ಜನ ನೆಂಟರು ಮಂಚದ ಸುತ್ತ ನಿಲ್ಲುವುದು ಬೇಡ. ಒಬ್ಬರು ಬಳಿಯಲ್ಲಿ, ಒಬ್ಬರು ಹೊರಗೆ, ಅಷ್ಟೇ ಸಾಕು.

ಶಸ್ತ್ರಕ್ರಿಯೆಯ ದಿನದ ಉಪವಾಸದ ವಿಷಯದಲ್ಲಿ ಕರುಣೆ ತೋರಿಸತಕ್ಕದ್ದಲ್ಲ. ಗಟ್ಟಿ ಆಹಾರ, ಹಸುವಿನ ಅಥವಾ ಎಮ್ಮೆಯ ಹಾಲು, ಹಾಲು ಹಾಕಿದ ಚಹಾ ಇವು ಆರು ಗಂಟೆ ಮೊದಲೇ ನಿಲ್ಲಬೇಕು. ಎದೆಹಾಲು ನಾಲ್ಕು ಗಂಟೆ ಮೊದಲು, ತಿಳಿನೀರು ಸಾಮಾನ್ಯವಾಗಿ ಎರಡು ಗಂಟೆ ಮೊದಲು ನಿಲ್ಲಬೇಕು. ನಿಖರವಾದ ಹೊತ್ತನ್ನು ಅರಿವಳಿಕೆಯ ವೈದ್ಯರೇ ಹೇಳುತ್ತಾರೆ. ಎಚ್ಚರ ತಪ್ಪಿದಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೆ ಅಪಾಯ. ಹಾಲು ನೋಡಲು ನೀರಿನಂತಿದ್ದರೂ ಹೊಟ್ಟೆಯಲ್ಲಿ ಮೊಸರಿನಂತೆ ಗಟ್ಟಿಯಾಗುತ್ತದೆಂಬುದನ್ನು ಮರೆಯಬಾರದು. “ಕೂಸು ಹಸಿದೈತಿ” ಎಂದು ಸೆರಗಿನ ಮರೆಯಲ್ಲಿ ಒಂದು ಬಿಸ್ಕೀಟು ಕೊಟ್ಟ ಅಜ್ಜಿ ಅದನ್ನು ಕೂಡಲೆ ವೈದ್ಯರಿಗೆ ಹೇಳಿಬಿಡಬೇಕು. ಶಸ್ತ್ರಕ್ರಿಯೆ ಒಂದು ದಿನ ಮುಂದಕ್ಕೆ ಹೋದರೆ ಯಾರೂ ಕೆಡುವುದಿಲ್ಲ.

ಶಸ್ತ್ರಕ್ರಿಯೆ ಪೂರ್ತಿಯಾಗಿ ಬಾಯಿಯ ಮೂಲಕವೇ ನಡೆಯುತ್ತದೆ. ಕತ್ತಿನ ಮೇಲಾಗಲಿ ಮುಖದ ಮೇಲಾಗಲಿ ಗಾಯವಿರುವುದಿಲ್ಲ. ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಮುಗಿಯುತ್ತದೆ. ಎಚ್ಚರವಾಗುವಾಗ ಮಗು ಕಿರುಚಾಡುವುದು, ಕೈಕಾಲು ಬಡಿಯುವುದು, ತಾಯಿಯನ್ನೇ ಗುರುತಿಸದಂತೆ ತಳ್ಳುವುದು ಉಂಟು. ಇದು ನೋವಿನಿಂದಲೇ ಆಗುವುದಲ್ಲ. ಮದ್ದಿನ ಮಂಕು ಇಳಿಯುವ ರೀತಿ. ಅರ್ಧ ಗಂಟೆಯೊಳಗೆ ಬಹುತೇಕ ಶಾಂತವಾಗುತ್ತದೆ. ಆ ಹೊತ್ತಿನಲ್ಲಿ ಬಿಗಿಯಾಗಿ ಅಪ್ಪಿ, ಮೆಲ್ಲಗೆ ಒಂದೇ ಮಾತನ್ನು ಹೇಳುತ್ತಿರಬೇಕು. ನುಂಗಿದ ಹಳೆಯ ರಕ್ತ ಒಂದೆರಡು ಸಲ ಕಂದು ಬಣ್ಣದ ವಾಂತಿಯಾಗಿ ಬರಬಹುದು; ದಾದಿಗೆ ತೋರಿಸಿರಿ, ಗಾಬರಿಪಡಬೇಡಿರಿ.

ಮನೆಗೆ ಬಂದ ಮೇಲಿನ ಎರಡು ವಾರ ತಾಯಿಯದೇ ರಾಜ್ಯ. ಆ ರಾಜ್ಯದಲ್ಲಿ ಎರಡೇ ಕಾನೂನು: ನೋವಿಗೆ ಹೊತ್ತುಹೊತ್ತಿಗೆ ಔಷಧಿ, ಬಾಯಿಗೆ ಮೇಲಿಂದ ಮೇಲೆ ನೀರು. ನೋವಿದ್ದರೆ ಮಗು ನುಂಗುವುದಿಲ್ಲ. ನುಂಗದಿದ್ದರೆ ಗಂಟಲು ಒಣಗಿ ನೋವು ಇನ್ನೂ ಏರುತ್ತದೆ. ಈ ಸುತ್ತನ್ನು ಔಷಧಿಯಿಂದ ಮುರಿಯಬೇಕು. ಮೊದಲ ಕೆಲವು ದಿನ ಅಳುವ ತನಕ ಕಾಯದೆ, ವೈದ್ಯರು ಹೇಳಿದ ಅಂತರಕ್ಕೆ ಸರಿಯಾಗಿ, ರಾತ್ರಿ ಎಬ್ಬಿಸಿಯಾದರೂ ಪ್ಯಾರಾಸಿಟಮಾಲ್ ಕೊಡಬೇಕು. ಊಟಕ್ಕೆ ಅರ್ಧ ಗಂಟೆ ಮೊದಲು ಕೊಟ್ಟರೆ ತಿನ್ನುವುದು ಸುಲಭ.

ಇಲ್ಲಿ ಒಂದು ಎಚ್ಚರಿಕೆ. ಅಂಗಡಿಯಲ್ಲಿ ಸಿಗುವ ಪ್ಯಾರಾಸಿಟಮಾಲ್ ಪಾನಕದಲ್ಲಿ ಐದು ಮಿಲಿಲೀಟರಿಗೆ 120 ಅಥವಾ 125 ಮಿಲಿಗ್ರಾಂ ಇರುವುದೊಂದು, 250 ಮಿಲಿಗ್ರಾಂ ಇರುವುದೊಂದು. ಒಂದು ಹೊತ್ತಿಗೆ ಮಗುವಿನ ತೂಕದ ಪ್ರತಿ ಕಿಲೋಗ್ರಾಮಿಗೆ 15 ಮಿಲಿಗ್ರಾಮಿನಂತೆ ಬರೆದುಕೊಟ್ಟರೆ, 12 ಕಿಲೋಗ್ರಾಂ ತೂಕದ ಕೂಸಿಗೆ 180 ಮಿಲಿಗ್ರಾಂ ಆಗುತ್ತದೆ. ಮೊದಲನೆಯ ಜಾತಿಯ 120ರ ಸೀಸೆಯಲ್ಲಿ ಅದು ಏಳೂವರೆ ಮಿಲಿಲೀಟರ್. ಅದೇ ಏಳೂವರೆಯನ್ನು 250ರ ಸೀಸೆಯಿಂದ ಅಳೆದುಕೊಟ್ಟರೆ 375 ಮಿಲಿಗ್ರಾಂ, ಅಂದರೆ ಎರಡರಷ್ಟಕ್ಕೂ ಹೆಚ್ಚು. ಆದುದರಿಂದ ಸೀಸೆಯ ಮೇಲಿನ ಅಂಕಿಯನ್ನು ವೈದ್ಯರಿಗೋ ಔಷಧಿ ಅಂಗಡಿಯವರಿಗೋ ತೋರಿಸಿ, ಎಷ್ಟು ಮಿಲಿಲೀಟರ್ ಎಂದು ಬರೆಸಿಕೊಳ್ಳಿರಿ. ಅಡಿಗೆಯ ಚಮಚ ಬೇಡ, ಅಳತೆಯ ಮುಚ್ಚಳವನ್ನೇ ಬಳಸಿರಿ. ಐಬುಪ್ರೊಫೆನ್ ಕೊಡುವುದು ವೈದ್ಯರ ಅಪ್ಪಣೆಯ ಮೇಲೆ. ಆಸ್ಪಿರಿನ್ ಕೂಡದು, ಅದು ರಕ್ತಸ್ರಾವವನ್ನು ಹೆಚ್ಚಿಸುತ್ತದೆ. ಕೊಡೀನ್ ಸೇರಿದ ಔಷಧಿಯೂ ಕೂಡದು. ಕೆಲವು ಮಕ್ಕಳಲ್ಲಿ ಉಸಿರೇ ನಿಂತ ಕಾರಣ ಅಮೇರಿಕೆಯ ಔಷಧ ಇಲಾಖೆ 2013ರಲ್ಲಿ ಈ ಶಸ್ತ್ರಕ್ರಿಯೆಯ ನಂತರ ಮಕ್ಕಳಿಗೆ ಅದನ್ನು ಕೊಡಲೇಬಾರದೆಂದು ವಿಧಿಸಿತು. ಮನೆಯಲ್ಲಿ ಉಳಿದ ಹಳೆಯ ಕೆಮ್ಮಿನ ಸೀಸೆಯನ್ನು ಮುಟ್ಟಬೇಡಿರಿ.

ಇನ್ನು ನೀರು ಮತ್ತು ಊಟ. 12 ಕಿಲೋಗ್ರಾಮಿನ ಮಗುವಿಗೆ ದಿನಕ್ಕೆ ಹಾಲು, ಗಂಜಿ, ಮಜ್ಜಿಗೆ ಎಲ್ಲ ಸೇರಿ ಸುಮಾರು ಒಂದು ಲೀಟರಿನಷ್ಟು ದ್ರವ ಬೇಕು. ಒಮ್ಮೆಗೇ ಲೋಟ ತುಂಬ ಕೊಟ್ಟರೆ ಬೇಡವೆನ್ನುತ್ತದೆ. ಕಾಲು ಗಂಟೆಗೊಮ್ಮೆ ಎರಡು ಗುಟುಕು ಕೊಡಿರಿ. ತಣ್ಣನೆಯದು ಗಂಟಲಿಗೆ ಕೆಟ್ಟದ್ದೆಂಬ ಹಳೆಯ ಮಾತನ್ನು ಈ ಎರಡು ವಾರ ಪಕ್ಕಕ್ಕಿಡಬೇಕು. ತಂಪು ಹಾಲು, ತಂಪು ಮಜ್ಜಿಗೆ, ಐಸ್‌ಕ್ರೀಮು ನೋವಿಗೆ ಮದ್ದು. ಆದರೆ ಜಾತ್ರೆಯ ಐಸ್‌ಕ್ಯಾಂಡಿಯ ನೀರು ಎಲ್ಲಿಯದೋ. ಕಾಯಿಸಿ ಆರಿಸಿದ ನೀರಿನ ಮಂಜುಗಡ್ಡೆ ಲೇಸು. ಬನಶಂಕರಿಯ ಗುಡಿಯ ಮುಂದೆ ಹೆಣ್ಣುಮಕ್ಕಳು ಪುಟ್ಟ ಗಡಿಗೆಗಳಲ್ಲಿ ಹೆಪ್ಪು ಹಾಕಿ ತಂದು ಮಾರುವ ಮೊಸರನ್ನು ಈ ಕಡೆಯವರೆಲ್ಲ ಬಲ್ಲರು. ಮನೆಯಲ್ಲಿಯೇ ಹಾಗೆ ಹೆಪ್ಪು ಹಾಕಿದ ಸಿಹಿ ಮೊಸರು ಈ ಹೊತ್ತಿಗೆ ಹೇಳಿ ಮಾಡಿಸಿದ ಆಹಾರ. ಆ ಬುಟ್ಟಿಯಲ್ಲಿರುವ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಕೆಂಪು ಖಾರ ಮಾತ್ರ ಸದ್ಯಕ್ಕೆ ದೂರವಿರಲಿ. ಜೋಳದ ಅಂಬಲಿ, ಮೆತ್ತಗೆ ಬೇಯಿಸಿದ ನುಚ್ಚು, ಹಾಲನ್ನ, ಮೊಸರನ್ನ, ಸಜ್ಜಕ, ಬಾಳೆಹಣ್ಣು, ತಣಿದ ಬೇಳೆಕಟ್ಟು ಇವುಗಳಿಂದ ಆರಂಭಿಸಿ, ಮಗು ಬೇಡಿದಂತೆ ಹಾಲಿನಲ್ಲಿ ನೆನೆಸಿದ ಬಿಸಿ ರೊಟ್ಟಿಗೆ ಬರಬಹುದು. ಚುರಮುರಿ, ಚೂಡಾ, ನಿಂಬೆ ಕಿತ್ತಳೆಯ ಹುಳಿ ಬೇಡ. ಎರಡು ಮೂರು ದಿನ ಗಟ್ಟಿ ತಿನ್ನದಿದ್ದರೆ ಚಿಂತೆಯಿಲ್ಲ; ಒಂದು ದಿನ ಕುಡಿಯದಿದ್ದರೆ ಚಿಂತೆಯುಂಟು. ದಿನಕ್ಕೆ ಮೂರು ಸಲವೂ ಮೂತ್ರ ಮಾಡದಿದ್ದರೆ, ಅತ್ತರೂ ಕಣ್ಣೀರು ಬಾರದಿದ್ದರೆ, ಬಾಯಿ ಒಣಗಿ ಮಂಕಾದರೆ ಆಸ್ಪತ್ರೆಗೆ ಒಯ್ಯಬೇಕು.

ಕೆಲವು ಸಂಗತಿಗಳು ನೋಡಲು ಭಯಂಕರ, ನಿಜದಲ್ಲಿ ಸಾಧುವಾದವು. ಟಾನ್ಸಿಲ್ ಇದ್ದ ಜಾಗದಲ್ಲಿ ಬಿಳಿಯ ಅಥವಾ ಹಳದಿ ಪೊರೆ ಕಟ್ಟುತ್ತದೆ. ಅದು ಕೀವಲ್ಲ, ಮೊಣಕಾಲಿನ ಗಾಯದ ಮೇಲಿನ ಹಕ್ಕಳೆಯಂಥದೇ, ಬಾಯಿಯ ತೇವದಿಂದ ಬೆಳ್ಳಗೆ ಕಾಣುತ್ತದೆ. ಅದನ್ನು ಬಟ್ಟೆಯಿಂದ ಒರೆಸಲು, ಅರಿಸಿನ ಹಚ್ಚಲು ಹೋಗಬೇಡಿರಿ. ಬಾಯಿ ಒಂದು ವಾರ ನಾರುತ್ತದೆ. ಗಂಟಲಿನ ನರವೇ ಕಿವಿಗೂ ಹೋಗುವುದರಿಂದ ಮಗು ಕಿವಿ ಹಿಡಿದು ಅಳಬಹುದು. ಕಿವಿಗೆ ಎಣ್ಣೆ ಬಿಡುವ ಕಾರಣವಿಲ್ಲ. ಸ್ವರ ಮೂಗಿನಲ್ಲಿ ಬಂದಂತೆ ಕೇಳಬಹುದು. ಬಾವು ಇಳಿಯುವ ತನಕ ಗೊರಕೆಯೂ ಇರಬಹುದು. ಮೊದಲ ಒಂದೆರಡು ದಿನ ಮೈ ಬೆಚ್ಚಗಿರುವುದೂ ಸಾಮಾನ್ಯವೇ. 102 ಡಿಗ್ರಿ ಮುಟ್ಟಿದರೆ ವೈದ್ಯರಿಗೆ ತಿಳಿಸಬೇಕು. ಮೂರನೆಯ ದಿನ ಕಡಿಮೆಯಾದಂತಿದ್ದ ನೋವು ಐದಾರನೆಯ ದಿನ ಮತ್ತೆ ಏರುವುದುಂಟು. ಹಕ್ಕಳೆ ಬಿಡುವ ಕಾಲವದು.

ನಿಜವಾಗಿ ಭಯಪಡಬೇಕಾದದ್ದು ಒಂದೇ: ರಕ್ತ. ಮೊದಲ 24 ಗಂಟೆಗಳಲ್ಲಿ ಒಮ್ಮೆ, ಹಕ್ಕಳೆ ಉದುರುವ ಐದರಿಂದ ಹತ್ತನೆಯ ದಿನಗಳ ನಡುವೆ ಇನ್ನೊಮ್ಮೆ ಈ ಅಪಾಯ ಕಾಲ ಬರುತ್ತದೆ. ಮೊದಲನೆಯದಕ್ಕೆ ಆಸ್ಪತ್ರೆಯವರ ಕಣ್ಣಿರುತ್ತದೆ. ಎರಡನೆಯದಕ್ಕೆ ತಾಯಿಯ ಕಣ್ಣೇ ಗತಿ. ನೂರಕ್ಕೆ ಕೆಲವೇ ಮಕ್ಕಳಲ್ಲಿ ಹೀಗಾಗುವುದಾದರೂ ಯಾವ ಮಗುವಿಗೆಂದು ಮೊದಲೇ ಹೇಳಲಾಗದು. ಸಣ್ಣ ಕೂಸು ಉಗುಳಲು ಅರಿಯದೆ ರಕ್ತವನ್ನು ನುಂಗಿಬಿಡುತ್ತದೆ. ಆದುದರಿಂದ ರಾತ್ರಿ ನಿದ್ರೆಯಲ್ಲಿ ಮಗು ಮೇಲಿಂದ ಮೇಲೆ ಗುಟುಕು ನುಂಗುತ್ತಿದ್ದರೆ ದೀಪ ಹಚ್ಚಿ ಬಾಯಿ ನೋಡಿರಿ. ದಿಂಬಿನ ಮೇಲೆ ಕೆಂಪು ಕಲೆ, ಕೆಂಪು ರಕ್ತದ ವಾಂತಿ, ಮುಖ ಬಿಳಿಚಿಕೊಳ್ಳುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಕೂಡದು. ರಕ್ತ ತಾನಾಗಿ ನಿಂತಂತೆ ಕಂಡರೂ ತೋರಿಸಲೇಬೇಕು. ಸಣ್ಣ ಸ್ರಾವದ ಹಿಂದೆಯೇ ದೊಡ್ಡದು ಬರುವುದುಂಟು. ಮಗುವನ್ನು ಅಂಗಾತ ಮಲಗಿಸದೆ, ಕೂರಿಸಿ ಮುಂದಕ್ಕೆ ಬಾಗಿಸಿ ಹಿಡಿದು, ಬಾಯಿಗೆ ಏನನ್ನೂ ಹಾಕದೆ ಹೊರಡಬೇಕು. ಕರ್ನಾಟಕದಲ್ಲಿ 2008ರ ನವೆಂಬರ್ 1ರಿಂದ ನಡೆಯುತ್ತಿರುವ 108ರ ಅಂಬ್ಯುಲೆನ್ಸಿಗೆ ಹಣ ಕೊಡಬೇಕಾಗಿಲ್ಲ.

ದೂರದ ಲೆಕ್ಕವನ್ನು ಮೊದಲೇ ಮಾಡಿಕೊಳ್ಳಬೇಕು. ಬನಶಂಕರಿಯಿಂದ ಬಾದಾಮಿ ಐದು ಕಿಲೋಮೀಟರ್; ಬಾದಾಮಿಯಿಂದ ಬಾಗಲಕೋಟೆ 40 ಕಿಲೋಮೀಟರಿನ ಆಸುಪಾಸು; ಹುಬ್ಬಳ್ಳಿ 100ಕ್ಕೂ ಮೇಲೆ. ಶಸ್ತ್ರಕ್ರಿಯೆಯಾದ ಆಸ್ಪತ್ರೆಯ ರಾತ್ರಿ ದೂರವಾಣಿ ಸಂಖ್ಯೆಯನ್ನು ಗೋಡೆಯ ಮೇಲೆ ಬರೆದಿಡಿರಿ. ಅರ್ಧ ರಾತ್ರಿಯಲ್ಲಿ ಗಾಡಿ ತರಬಲ್ಲವರು ಯಾರೆಂದು ನೆರೆಯವರಲ್ಲಿ ಕೇಳಿಟ್ಟುಕೊಳ್ಳಿರಿ. ವಾಹನ ಸಿಗದ ತೋಟದ ಮನೆಯವರು ಆ ಹತ್ತು ಹದಿನಾಲ್ಕು ದಿನ ಬಾಗಲಕೋಟೆಯಲ್ಲಿಯೋ ಬಾದಾಮಿಯಲ್ಲಿಯೋ ಬಂಧುಗಳ ಮನೆಯಲ್ಲಿ ಉಳಿದರೆ ಉತ್ತಮ. ಏಳನೆಯ ದಿನ ಮಗು ನಗುತ್ತಿದೆಯೆಂದು ದೂರದ ಊರಿನ ಮದುವೆಗೆ ಹೊರಡಬೇಡಿರಿ.

ಒಲೆಯ ಹೊಗೆ, ಬೀಡಿಯ ಹೊಗೆ ಮಗುವಿನ ಕೋಣೆಗೆ ಬರಕೂಡದು. ನೆಗಡಿಯಾದವರು ಎತ್ತಿಕೊಳ್ಳಬಾರದು. ಅಂಗನವಾಡಿಗೆ ಎರಡು ವಾರದ ಮೇಲೆ ಕಳಿಸಿದರಾಯಿತು. ಮಾತು ಬಂದಿದ್ದ ಮಗು ಮತ್ತೆ ಎಳೆಯದರಂತೆ ಆಡಬಹುದು, ಹಾಸಿಗೆ ಒದ್ದೆ ಮಾಡಬಹುದು, ರಾತ್ರಿ ಬೆಚ್ಚಿ ಏಳಬಹುದು, ತಾಯಿಯ ಸೆರಗು ಬಿಡದಿರಬಹುದು. ಕೆಲವು ವಾರಗಳಲ್ಲಿ ಇದು ತಾನಾಗಿ ಹೋಗುತ್ತದೆ; ಬೈದರೆ ಉಳಿಯುತ್ತದೆ. ತಂದೆಯಾದವನಿಗೂ ಇಲ್ಲಿ ಕೆಲಸವುಂಟು. ಹದಿನಾಲ್ಕು ರಾತ್ರಿ ಒಬ್ಬಳೇ ಎಚ್ಚರವಿರಲಾರಳು. ಅರ್ಧ ರಾತ್ರಿಯ ಪಾಳಿ ಅವನದಾಗಲಿ.

ಎರಡು ಮೂರು ವಾರದ ಮೇಲೆ ವೈದ್ಯರಿಗೆ ಮತ್ತೊಮ್ಮೆ ತೋರಿಸಿರಿ. ಬಾವು ಇಳಿದ ಮೇಲೂ ಗೊರಕೆ, ಉಸಿರು ಕಟ್ಟುವುದು ಉಳಿದಿದ್ದರೆ ಸಂಕೋಚವಿಲ್ಲದೆ ಹೇಳಿರಿ. ಕೆಲವು ಮಕ್ಕಳಿಗೆ ಮುಂದಿನ ಪರೀಕ್ಷೆ ಬೇಕಾಗುತ್ತದೆ. ಬಹುಪಾಲು ಮಕ್ಕಳಲ್ಲಿ ಮಾತ್ರ ಒಂದು ರಾತ್ರಿ ತಾಯಿಗೆ ಥಟ್ಟನೆ ಎಚ್ಚರವಾಗುತ್ತದೆ, ಸದ್ದು ಕೇಳಿ ಅಲ್ಲ, ಸದ್ದಿಲ್ಲದ್ದನ್ನು ಕೇಳಿ. ಬಗ್ಗಿ ನೋಡಿದರೆ ಮಗು ಬಾಯಿ ಮುಚ್ಚಿ, ಮೂಗಿನಿಂದ ಉಸಿರಾಡುತ್ತ, ಕೌದಿಯೊಳಗೆ ಸುಖವಾಗಿ ಮಲಗಿರುತ್ತದೆ. ಇನ್ನು ಅವಳೂ ಮಲಗಬಹುದು.